ಪಕ್ಕದ ಸೀಟಿನ ನಸೀಬು

ಹೊಸದಾಗಿ ಕಂಡಕ್ಟರ್ ಕೆಲಸಕ್ಕೆ ಸೇರಿದವರು ಡಿಪೋ ಗೇಟಿನ ಎದುರಿನ ಚಹಾದಂಗಡಿಯಲ್ಲಿ ನನ್ನನ್ನು ಹಿಡಿದು ಕೂರಿಸಿ ಕೇಳುವುದು ಒಂದೇ ಪ್ರಶ್ನೆ. ಚೆಕಿಂಗ್‌ನವರು ಹತ್ತಿದರೆ ಏನು ಮಾಡಬೇಕು ಸರ್? ನಾನು ಕೊಡುವುದೂ ಒಂದೇ ಉತ್ತರ. ಎಲ್ಲರಿಗೂ ಟಿಕೆಟ್ ಕೊಟ್ಟಿದ್ದರೆ ಏನೂ ಮಾಡಬೇಕಿಲ್ಲ, ಕೊಟ್ಟಿರದಿದ್ದರೆ ಏನು ಮಾಡಿದರೂ ಪ್ರಯೋಜನವಿಲ್ಲ. ಅವರು ನಕ್ಕು ಎದ್ದು ಹೋಗುತ್ತಾರೆ. ಈ ಕೆಲಸದಲ್ಲಿ ಹೇಳಲೇಬೇಕಾದ ಬೇರೆ ಸಂಗತಿಗಳಿವೆ, ಅವನ್ನು ಯಾರೂ ಕೇಳುವುದಿಲ್ಲ. ಕೇಳದಿದ್ದರೇನಂತೆ, ಬರೆದಿಡುತ್ತೇನೆ.

ನನ್ನ ಹೆಸರು ಕೊಟ್ರಪ್ಪ. ಹೊಸಪೇಟೆಯಿಂದ ಸಂಡೂರು, ಕಂಪ್ಲಿ, ಹಂಪಿ ಕಡೆ ಹೋಗುವ ಬಸ್ಸುಗಳಲ್ಲಿ ನಿಂತೇ ನನ್ನ ಸರ್ವಿಸು ಮುಗಿಯಿತು. ಬಡ್ತಿ ಯಾವಾಗ ಬಂತು, ಯಾವಾಗ ತಪ್ಪಿತು ಎಂಬುದು ನನ್ನ ಹೆಂಡತಿಗೇ ನೆನಪಿಲ್ಲ, ನಿಮಗೇಕೆ? ನಾನು ಸೇರಿದಾಗ ಕೈಯಲ್ಲಿ ತಗಡಿನ ಪೆಟ್ಟಿಗೆ, ಅದರ ತುಂಬ ಬಣ್ಣಬಣ್ಣದ ಟಿಕೆಟ್ ಕಟ್ಟುಗಳು, ಇನ್ನೊಂದು ಕೈಯಲ್ಲಿ ತೂತು ಹೊಡೆಯುವ ಪಂಚು. ಆಮೇಲೆ ಮಷೀನು ಬಂತು. ಕೆಲಸ ಹಗುರಾಯಿತು ನಿಜ, ಆದರೆ ಕಂಡಕ್ಟರನ ಕಣ್ಣು ಪ್ರಯಾಣಿಕರ ಮುಖ ಬಿಟ್ಟು ಆ ಸಣ್ಣ ಪರದೆಗೆ ಅಂಟಿಕೊಂಡಿತು. ನನಗೆ ಕೆಲಸ ಕಲಿಸಿದ ಹಿರಿಯ ಕಂಟ್ರೋಲರು ಒಬ್ಬರಿದ್ದರು, ಮಹಾ ಸಿಡುಕಿನ ಆಸಾಮಿ. ಜನರನ್ನು ಎರಡು ಸಲ ಎಣಿಸು, ಒಂದು ಸಲ ತಲೆ, ಇನ್ನೊಂದು ಸಲ ಮುಖ ಅನ್ನುತ್ತಿದ್ದರು. ತಲೆ ಎಣಿಸುವುದನ್ನು ಒಂದು ವಾರದಲ್ಲಿ ಕಲಿತೆ. ಮುಖ ಎಣಿಸುವುದನ್ನು ನನಗೆ ಕಲಿಸಿದವಳು ಒಬ್ಬ ರೊಟ್ಟಿ ಮಾರುವ ಹೆಣ್ಣುಮಗಳು, ಹುಲಿಗೆಮ್ಮ. ನನಗಿಂತ ಚಿಕ್ಕವಳು, ತಂಗಿಯ ಹಾಗೆ ಏಕವಚನದಲ್ಲೇ ಬರಿ ಅಣ್ಣ ಎಂದು ಆಕೆಯೇ ಹೇಳಿದ್ದರಿಂದ ಹಾಗೇ ಬರೆಯುತ್ತಿದ್ದೇನೆ.

ಆಗ ನಾನೂ ಡ್ರೈವರ್ ಖಾಜಾಸಾಬನೂ ಸಂಡೂರಿನ ಮೇಲೆ ಯಶವಂತನಗರಕ್ಕೆ ಹೋಗುವ ಬೆಳಗಿನ ಮೊದಲ ಬಸ್ಸಿನಲ್ಲಿದ್ದೆವು. ಗಣಿ ಜೋರಾಗಿ ನಡೆಯುತ್ತಿದ್ದ ಕಾಲ. ಒಂದು ದಿನ ಹುಲಿಗೆಮ್ಮ ದೊಡ್ಡ ಬಿದಿರಿನ ಬುಟ್ಟಿ, ಜೊತೆಗೊಂದು ಬಟ್ಟೆಗಂಟು ಹಿಡಿದು ಹತ್ತಿದಳು. ಬುಟ್ಟಿಯನ್ನು ಟಾಪಿಗೆ ಹಾಕು ಎಂದೆ. ಒಲ್ಲೆ ಅಂದಳು. ಬುಟ್ಟಿಯ ತುಂಬ ಒಣಗಿಸಿದ ಕಟಕ್ ರೊಟ್ಟಿ, ಮುಟ್ಟಿದರೆ ಮುರಿಯುವಂಥವು.

"ಮ್ಯಾಲೆ ಹಾಕಿದ್ರ ರೊಟ್ಟಿ ಇಳಿಯಂಗಿಲ್ರಿ, ಚೂರು ಇಳೀತಾವು. ಚೂರು ಯಾರು ತಗೋತಾರ?" ಅಂದಳು.

ಮಾತು ಸರಿಯಾಗಿತ್ತು, ಅದಕ್ಕೇ ನನಗೆ ಸಿಟ್ಟು ಬಂತು. ಲಗೇಜ್ ಟಿಕೆಟ್ ಹರಿದು ಕೈಗೆ ಕೊಟ್ಟೆ. ತಕರಾರಿಲ್ಲದೆ ತೆಗೆದುಕೊಂಡು ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಯಶವಂತನಗರದಲ್ಲಿ ಗಣಿ ಕೆಲಸಗಾರರ ಕೋಣೆಗಳಿಗೆ ಆಕೆ ರೊಟ್ಟಿ ಹಾಕುತ್ತಿದ್ದಳು. ಊರಲ್ಲಿ ಹೆಂಡಿರು ಮಕ್ಕಳನ್ನು ಬಿಟ್ಟು ಬಂದ ಗಂಡಸರು, ಅನ್ನ ಬೇಯಿಸಿಕೊಂಡಾರು, ರೊಟ್ಟಿ ಯಾರು ತಟ್ಟಬೇಕು?

ಒಂದು ತಿಂಗಳು ಕಳೆಯುವಷ್ಟರಲ್ಲಿ ಆಕೆಯ ಮೇಲೆ ದೂರು ಶುರುವಾಯಿತು. ನಮ್ಮ ಕಡೆಯ ಬಸ್ಸಿನಲ್ಲಿ ದಿನಾ ಓಡಾಡುವವರಿಗೆ ಅವರವರ ಸೀಟು ಅಂತ ಇರುತ್ತದೆ. ಟಿಕೆಟ್ಟಿನ ಮೇಲೆ ನಂಬರು ಇರದಿದ್ದರೂ ಹಕ್ಕು ಪಕ್ಕಾ. ಬಸ್ಸು ನಿಲ್ಲುವುದಕ್ಕೂ ಮೊದಲೇ ಕಿಟಕಿಯಿಂದ ಟವೆಲ್ಲೋ ಕರ್ಚೀಪೋ ಒಳಗೆ ಬಿದ್ದರೆ ಆ ಸೀಟು ಅವರದು. ಮೂರನೇ ಸಾಲಿನ ಕಿಟಕಿ ಸಂಡೂರಿನ ಒಬ್ಬ ಮೇಷ್ಟ್ರದು, ಅವರ ಪಕ್ಕ ಅವರ ಶಾಲೆಯ ಟೀಚರಮ್ಮನದು. ಹುಲಿಗೆಮ್ಮ ಮಾತ್ರ ಒಂದು ದಿನ ಕೂತ ಸೀಟಿನಲ್ಲಿ ಇನ್ನೊಂದು ದಿನ ಕೂರುತ್ತಿರಲಿಲ್ಲ. ಇವತ್ತು ಮುಂದೆ ನರ್ಸಮ್ಮನ ಪಕ್ಕ, ನಾಳೆ ಹಿಂದೆ ಸಂತೆಗೆ ಹೊರಟ ಮುದುಕಿಯ ಪಕ್ಕ, ನಾಡಿದ್ದು ನಡುವಿನ ಸಾಲಿನಲ್ಲಿ. ಬುಟ್ಟಿ ಹೊತ್ತು ಆಕೆ ದಿನಕ್ಕೊಂದು ಕಡೆ ನುಗ್ಗುವುದರಿಂದ ಎಲ್ಲರ ಸೀಟೂ ಅದಲುಬದಲಾಗುತ್ತಿತ್ತು. ಟೀಚರಮ್ಮನ ಜಾಗ ಹೋದ ದಿನ ಮೇಷ್ಟ್ರು ನನ್ನ ಮೇಲೆ ಹರಿಹಾಯ್ದರು. ಈ ಹೆಂಗಸಿಗೆ ತನ್ನದು ಅಂತ ಒಂದು ಸೀಟು ಇಲ್ಲವೇನ್ರೀ ಎಂದು.

ನಾನು ಆಕೆಯನ್ನು ಬಾಗಿಲ ಹತ್ತಿರ ಕರೆದು, ಒಂದು ಸೀಟು ಹಿಡಿದುಕೊಂಡು ಸುಮ್ಮನೆ ಕೂರಬಾರದೇನು ಎಂದು ಗದರಿದೆ. ಆಕೆ ದನಿ ಏರಿಸಲಿಲ್ಲ.

"ದಿನಾ ಅದೇ ಸೀಟಿನಾಗ ಕುಂತ್ರ ದಿನಾ ಅದೇ ಮಾತು ಕೇಳಬೇಕಾಗತೈತ್ರಿ ಕಂಡಕ್ಟ್ರೆ. ನನಗ ಗೊತ್ತಿರೋದು ನನಗ ಗೊತ್ತೇ ಐತಿ. ಗೊತ್ತಿಲ್ಲದ್ದು ಬ್ಯಾರೆಯವರ ಹತ್ರ ಇರತೈತಿ. ಯಾರ ಹತ್ರ ಅಂತ ತಿಳಿಯಂಗಿಲ್ಲ, ಅದಕ್ಕ ಎಲ್ಲಾರ ಹತ್ರ ಕುಂದರತೀನಿ."

ಮಾತಿನ ಚಪಲದವಳು ಎಂದುಕೊಂಡೆ. ಆಮೇಲೆ ಟಿಕೆಟ್ ಹರಿಯುತ್ತ ಓಡಾಡುವಾಗ ಕಿವಿ ಕೊಟ್ಟೆ. ಆಕೆ ಮಾತಾಡುತ್ತಿದ್ದುದು ಕಡಿಮೆ, ಕೇಳುತ್ತಿದ್ದುದೇ ಹೆಚ್ಚು. ಎಲ್ಲಿಗೆ ಹೊರಟಿರಿ, ಅಲ್ಲಿ ಮಂದಿ ಎಷ್ಟು, ಅಡಿಗೆ ಯಾರು ಮಾಡುತ್ತಾರೆ, ಜೋಳ ಎಲ್ಲಿಂದ ತರಿಸುತ್ತೀರಿ. ಇಳಿಯುವ ಮುಂಚೆ ಬಟ್ಟೆಗಂಟು ಬಿಚ್ಚಿ ಒಂದು ರೊಟ್ಟಿಯ ಮೇಲೆ ಚಿಟಿಕೆ ಶೇಂಗಾ ಚಟ್ನಿಪುಡಿ ಇಟ್ಟು ಪಕ್ಕದವರಿಗೆ ಕೊಡುವಳು. ತನ್ನ ಹೆಸರು, ತಾನು ಮಾಡುವ ಕೆಲಸ ಎರಡನ್ನೂ ಹೇಳುವಳು. ತಗೊಂಡರೆ ಸಂತೋಷ, ಬೇಡ ಎಂದರೆ ಬೇಜಾರಿಲ್ಲ.

ಒಂದು ದಿನ ಸಂಡೂರಿನ ಗುಡ್ಡದ ದಾರಿಯಲ್ಲಿ ಅದಿರು ತುಂಬಿದ ಲಾರಿಯೊಂದು ಅಡ್ಡ ಬಿದ್ದು, ಎರಡೂ ಕಡೆ ಗಾಡಿಗಳು ನಿಂತು ಮಧ್ಯಾಹ್ನವಾಯಿತು. ಮಕ್ಕಳು ಹಸಿದು ಅಳತೊಡಗಿದವು. ಹುಲಿಗೆಮ್ಮ ಬುಟ್ಟಿ ಮುಟ್ಟಲಿಲ್ಲ, ಅದು ಗಣಿಯವರದು. ಬಟ್ಟೆಗಂಟು ಬಿಚ್ಚಿ ಇಡೀ ಬಸ್ಸಿಗೆ ಹಂಚಿದಳು. ಆವತ್ತು ಬಸ್ಸಿನಲ್ಲಿ ತುಂಗಭದ್ರಾ ಡ್ಯಾಂನ ಕಾಲುವೆ ಆಫೀಸಿನ ಗುಮಾಸ್ತರೊಬ್ಬರಿದ್ದರು. ತಿಂದು, ಆಕೆಯ ಊರು ಕೇರಿ ಬರೆದುಕೊಂಡು ಹೋದರು. ಮುಂದಿನ ವಾರದಿಂದ ಡ್ಯಾಂ ಕ್ವಾರ್ಟರ್ಸಿನ ಹತ್ತು ಹನ್ನೆರಡು ಮನೆಗಳಿಗೆ ಆಕೆಯ ರೊಟ್ಟಿ ಹೋಗತೊಡಗಿತು.

"ಅಕೀ ನಸೀಬು ನೋಡಲೇ ಕೊಟ್ರಾ," ಅಂದ ಖಾಜಾ. "ಲಾರಿ ಬಿದ್ದದ್ದು ನಮ್ಮ ಟೈಮು ಹಾಳು ಮಾಡಾಕ. ಅಕೀಗೆ ಗಿರಾಕಿ ತಂದು ಕೊಟ್ಟಿತು."

ನಾನೂ ಹೌದೌದು ಎಂದೆ. ನಸೀಬು, ಹಣೆಬರಹ, ಇವೆರಡರಲ್ಲಿ ನನಗೆ ಆಗ ಬಲು ನಂಬಿಕೆ. ಆದರೆ ಮನಸ್ಸಿಗೆ ಏನೋ ಕೊರೆಯುತ್ತಿತ್ತು. ಆ ಬಟ್ಟೆಗಂಟು ಆವತ್ತೇ ಏಕೆ ಬಂದಿತ್ತು? ನೆನಪು ಮಾಡಿಕೊಂಡೆ. ಆಕೆ ಹತ್ತಿದ ಮೊದಲ ದಿನವೂ ಇತ್ತು, ಮಳೆಗಾಲದಲ್ಲೂ ಇತ್ತು, ಹೆಚ್ಚಿನ ದಿನ ಅರ್ಧಕ್ಕಿಂತ ಹೆಚ್ಚು ಹಾಗೇ ಮನೆಗೆ ವಾಪಸು ಹೋಗುತ್ತಿತ್ತು. ಲಾರಿ ಬಿದ್ದ ದಿನ ಒಂದೇ ದಿನ ತಂದಿದ್ದರೆ ಅದನ್ನು ನಸೀಬು ಅನ್ನಬಹುದಿತ್ತು. ಖಾಜಾನಿಗೆ ಇದನ್ನು ಹೇಳಿದೆ. ಅವನು ಗೇರು ಬದಲಿಸುತ್ತ, ಹಂಗಾದ್ರ ನಸೀಬನ್ನೂ ದಿನಾ ತಟ್ಟಬೇಕು ಅನ್ನು ಎಂದ.

ಹೀಗೆ ಕೆಲವು ವರ್ಷ ನಡೆಯಿತು. ಒಬ್ಬಳೇ ಇದ್ದ ಹುಲಿಗೆಮ್ಮ ತನ್ನ ಓಣಿಯ ಏಳು ಹೆಂಗಸರನ್ನು ಕೂಡಿಸಿಕೊಂಡಳು. ಆ ಏಳು ಜನ ಅದಕ್ಕೂ ಮುಂಚೆ ವರ್ಷಕ್ಕೆ ಐದಾರು ತಿಂಗಳು ಮಕ್ಕಳು ಮರಿ ಕಟ್ಟಿಕೊಂಡು ದೂರದ ಊರುಗಳಿಗೆ ಕಬ್ಬು ಕಡಿಯಲು ಹೋಗುತ್ತಿದ್ದವರು. ಮಕ್ಕಳ ಶಾಲೆ ಅರ್ಧಕ್ಕೆ ನಿಲ್ಲುತ್ತಿತ್ತು. ರೊಟ್ಟಿಯ ಒಲೆ ಹತ್ತಿದ ಮೇಲೆ ಅವರು ಊರು ಬಿಡುವುದು ತಪ್ಪಿತು. ನಾನು ಒಮ್ಮೆ ಆ ಕಡೆ ಹೋದಾಗ ತಗಡಿನ ಚಪ್ಪರದ ಕೆಳಗೆ ಎಂಟು ಜೋಡಿ ಕೈ ಒಟ್ಟಿಗೆ ತಟ್ಟುವ ಸಪ್ಪಳ ಕೇಳಿ ನಿಂತುಬಿಟ್ಟಿದ್ದೆ. ಗೋಡೆಯ ಮೇಲೊಂದು ಬುದ್ಧನ ಫೋಟೊ. ಹುಲಿಗೆಮ್ಮನ ಮನೆಯವರು, ಆ ಓಣಿಯವರು ಬೌದ್ಧ ಧರ್ಮ ತೆಗೆದುಕೊಂಡವರು. ಅದಕ್ಕೂ ಮುಂಚೆ ಊರು ಅವರನ್ನು ಏನೆಂದು ಕರೆಯುತ್ತಿತ್ತೋ, ಯಾವ ಬಾವಿಗೆ ಬರಬೇಡಿ ಅನ್ನುತ್ತಿತ್ತೋ, ಅದು ನಮ್ಮ ಸೀಮೆಯ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಆಮೇಲೆ ಗಣಿಗಳು ನಿಂತವು. ಗುಡ್ಡದ ದಾರಿಯ ಲಾರಿಗಳು ಮಾಯವಾದವು, ಕಂಪನಿ ಬಸ್ಸುಗಳು ಸಾಲಾಗಿ ನಿಂತು ತುಕ್ಕು ಹಿಡಿದವು, ಕೆಂಪು ಧೂಳು ಕೂತಿದ್ದ ಗಿಡಗಳ ಎಲೆ ಹಸಿರಾಗಿ ಕಂಡಿತು. ಯಶವಂತನಗರದ ಕೋಣೆಗಳು ಖಾಲಿಯಾದವು. ನಮ್ಮ ಟ್ರಿಪ್ಪುಗಳೂ ಕಡಿಮೆಯಾಗಿ ನನ್ನನ್ನೂ ಖಾಜಾನನ್ನೂ ಕಂಪ್ಲಿ ರೂಟಿಗೆ ಹಾಕಿದರು. ಹುಲಿಗೆಮ್ಮನ ಬುಟ್ಟಿಗೆ ಊರೇ ಇಲ್ಲದಂತಾಯಿತು. ಡ್ಯಾಂ ಕ್ವಾರ್ಟರ್ಸಿನ ಗಿರಾಕಿ ಎಂಟು ಜನರ ಕೈಗೆ ಸಾಲುವಷ್ಟಿರಲಿಲ್ಲ. ದಸರಾ ಮುಗಿದ ಮೇಲೆ ಕಬ್ಬಿನ ಗ್ಯಾಂಗಿನ ಮೇಸ್ತ್ರಿ ಓಣಿಗೆ ಬಂದು ಜನ ಕಟ್ಟುತ್ತಾನೆ. ಅಷ್ಟರೊಳಗೆ ಒಂದು ದೊಡ್ಡ ಗಿರಾಕಿ ಸಿಗದಿದ್ದರೆ ಆ ಏಳು ಮಂದಿ, ಅವರ ಮಕ್ಕಳು ಮತ್ತೆ ಗಾಡಿ ಹತ್ತಬೇಕು. ಇದನ್ನು ಆಕೆ ನನಗೆ ಹೇಳಿದ್ದು ಕಂಪ್ಲಿ ಬಸ್ಸಿನಲ್ಲಿ. ಹೌದು, ಆಕೆ ಆ ಬಸ್ಸಿಗೂ ಬಂದಿದ್ದಳು.

ಒಂದು ದಿನ ಕಂಪ್ಲಿ, ಒಂದು ದಿನ ಹಂಪಿ, ಒಂದು ದಿನ ಸಂಡೂರು. ಕೈಯಲ್ಲಿ ಬಟ್ಟೆಗಂಟು, ದಿನಕ್ಕೊಂದು ಸೀಟು. ನೀವು ಇದನ್ನು ಓದಿ, ಹೀಗೆ ಮಾಡಿದರೆ ಸಾಕು ದಾರಿ ತಾನೇ ತೆರೆಯುತ್ತದೆ ಅಂದುಕೊಳ್ಳಬೇಡಿ. ಹಂಪಿ ಬಸ್ಸಿನಲ್ಲಿ ಆಕೆ ಒಬ್ಬ ಪರದೇಶದ ಹೆಂಗಸಿನ ಪಕ್ಕ ಕೂತಿದ್ದಳಂತೆ. ಇವಳಿಗೆ ಅವಳ ಭಾಷೆ ಬರದು, ಅವಳಿಗೆ ಇವಳದು ಬರದು. ರೊಟ್ಟಿ ಕೊಟ್ಟರೆ ಆ ಹೆಂಗಸು ಅದರ ನಾಲ್ಕು ಫೋಟೊ ತೆಗೆದು, ಬಾಳೆಹಣ್ಣಿನ ಜೊತೆ ಕಟಕಟ ಕಡಿದು ತಿಂದು, ಹಂಪಿ ಬಜಾರಿನಲ್ಲಿ ಇಳಿದು ಕೈಬೀಸಿ ಹೋದಳು. ಅದರಿಂದ ಬಂದದ್ದು ಅಷ್ಟೇ. ಹುಲಿಗೆಮ್ಮ ಅದನ್ನು ನೆನೆಸಿಕೊಂಡು ನಗುತ್ತಿದ್ದಳು. ಬಾಳೆಹಣ್ಣಿನ ಜೊತೆ ಹೇಗಿರುತ್ತದೆ ಎಂದು ಮನೆಯಲ್ಲಿ ತಾನೂ ತಿಂದು ನೋಡಿದಳಂತೆ, ಅಷ್ಟೇನೂ ಕೆಟ್ಟಿರಲಿಲ್ಲವಂತೆ. ನಾನಾಗಿದ್ದರೆ ಮೂರನೇ ವಾರಕ್ಕೆ ಕೈಚೆಲ್ಲಿ ಕೂರುತ್ತಿದ್ದೆ. ಆಕೆ ಎರಡು ತಿಂಗಳು ತಿರುಗಿದಳು.

ಕಂಪ್ಲಿಯ ಬಸ್‌ ನಿಲ್ದಾಣದ ಎದುರಿಗೆ ಚನ್ನಬಸಪ್ಪನವರ ಖಾನಾವಳಿ ಇತ್ತು. ಅಕ್ಕಿ ಗಿರಣಿಯ ಹಮಾಲರು, ಭತ್ತದ ವ್ಯಾಪಾರಸ್ಥರು, ಆಫೀಸಿನವರು ಎಲ್ಲ ಊಟಕ್ಕೆ ಅಲ್ಲಿಗೇ. ಅವರ ಹೆಂಡತಿ ಹೊಸಪೇಟೆಯಿಂದ ಬರುವಾಗ ಒಂದು ದಿನ ಹುಲಿಗೆಮ್ಮ ಅವರ ಪಕ್ಕ ಕೂತಳು. ದಾರಿಯುದ್ದಕ್ಕೂ ಹೆಂಗಸರು ಹಿಟ್ಟಿನ ಮಾತಾಡಿದರು. ಜೋಳ ಯಾವುದು, ಬೀಸುವುದು ಹೇಗೆ, ಎಸರು ಎಷ್ಟು ಕಾಯಬೇಕು. ಅವರು ಇಳಿಯುವಾಗ ನಾಲ್ಕು ರೊಟ್ಟಿ ಕಟ್ಟಿಕೊಟ್ಟಳು. ಮರುದಿನ ನಮ್ಮ ಬಸ್ಸು ನಿಂತ ಕೂಡಲೇ ಚನ್ನಬಸಪ್ಪನವರೇ ನನ್ನನ್ನು ಹುಡುಕಿಕೊಂಡು ಬಂದರು. ಅವರಲ್ಲಿ ರೊಟ್ಟಿ ತಟ್ಟುತ್ತಿದ್ದ ಅಜ್ಜಿ ಕೈಲಾಗದೆ ಬಿಟ್ಟು ಹೋಗಿದ್ದಳು. ಅಂಥ ರೊಟ್ಟಿ ದಿನಾ ಇನ್ನೂರು ಬೇಕು, ಸಿಗುತ್ತವೆಯೇ ಎಂದು ಕೇಳಿದರು. ಸಿಗುತ್ತವೆ ಎಂದೆ. ಆಮೇಲೆ ದನಿ ತಗ್ಗಿಸಿ ಕೇಳಿದರು.

"ಕೊಟ್ರಪ್ಪ, ಯಾರ ಪೈಕಿ ಆಕಿ?"

ನಾನೂ ಚನ್ನಬಸಪ್ಪನವರೂ ಒಂದೇ ಜನ, ಇಬ್ಬರ ಕೊರಳಲ್ಲೂ ಲಿಂಗ. ನನಗೆ ಕಣ್ಣ ಮುಂದೆ ಬಂದದ್ದು ಆ ಏಳು ಮನೆ, ದಸರಾ, ಗ್ಯಾಂಗಿನ ಮೇಸ್ತ್ರಿ. ನಾಲಿಗೆ ತಾನೇ ಹೊರಳಿತು.

"ನಮ್ಮ ಪೈಕೀನ ರೀ," ಅಂದುಬಿಟ್ಟೆ.

ನನ್ನ ಸರ್ವಿಸಿನಲ್ಲಿ ತಪ್ಪು ಟಿಕೆಟ್ ಕೊಟ್ಟಿದ್ದೇನೆ, ನಿಲ್ಲಿಸಲು ಸೀಟಿ ಊದುವುದು ಮರೆತು ಒಂದು ಮದುವೆ ದಿಬ್ಬಣವನ್ನೇ ಬಿಟ್ಟು ಹೋಗಿದ್ದೇನೆ. ಈ ತಪ್ಪಿನ ಮುಂದೆ ಅವೆಲ್ಲ ಏನೂ ಅಲ್ಲ. ಆವತ್ತು ಮಾತ್ರ ಪುಣ್ಯದ ಕೆಲಸ ಮಾಡಿದೆ ಎಂದು ಎದೆ ಉಬ್ಬಿತ್ತು. ಖಾಜಾ ಸ್ಟೇರಿಂಗಿನ ಮೇಲೆ ಕೈಯಿಟ್ಟುಕೊಂಡು ಎಲ್ಲ ಕೇಳಿಸಿಕೊಂಡಿದ್ದ. ಬ್ರೇಕ್ ಇಲ್ಲದ ಗಾಡಿ ಬಿಟ್ಟೀಯಲೇ ಕೊಟ್ರಾ, ಇಳಿಜಾರು ಬಂದಾಗ ನೋಡು ಅಂದ.

ಮೂರು ವಾರ ಎಲ್ಲ ಚೆನ್ನಾಗಿ ನಡೆಯಿತು. ಹುಲಿಗೆಮ್ಮ ಹೊಸಪೇಟೆಯಲ್ಲಿ ಬುಟ್ಟಿ ಕೊಡುವಳು, ನಾನು ಕಂಪ್ಲಿಯಲ್ಲಿ ಖಾನಾವಳಿಯ ಬಾಗಿಲಿಗೆ ಮುಟ್ಟಿಸುವೆ. ಓಣಿಯಲ್ಲಿ ಒಲೆಗಳು ಮತ್ತೆ ಹತ್ತಿದವು. ಆಕೆ ಕೈಮುಗಿದು, ನಿಮ್ಮಿಂದ ಆತಣ್ಣ ಅಂದಾಗ ನಾನು ಬೀಗಿದೆ. ಆಮೇಲೊಂದು ಅಮಾವಾಸ್ಯೆಗೆ ಹೆಚ್ಚು ರೊಟ್ಟಿ ಬೇಕೆಂದು ಹೇಳಿಕಳಿಸಿದ್ದರು, ಎರಡು ಬುಟ್ಟಿ ಆದದ್ದರಿಂದ ಆಕೆಯೂ ಜೊತೆಗೆ ಬಂದಳು. ಖಾನಾವಳಿಯ ಬಾಗಿಲಲ್ಲಿ ಚನ್ನಬಸಪ್ಪನವರ ಹೆಂಡತಿ ಆಕೆಯ ಕೈಹಿಡಿದು, ನೀವು ನಮ್ಮವರೇ ಅಂತ ತಿಳಿದು ಭಾಳ ಸಂತೋಷ ಆತು, ನಿಮ್ಮದು ಯಾವ ಮಠ ಎಂದು ಕೇಳಿದರಂತೆ.

ಹುಲಿಗೆಮ್ಮ ಅಲ್ಲಿಂದ ನೇರ ಬಸ್ಸಿಗೆ ವಾಪಸು ಬಂದಳು. ಹೊರಡಲು ಇನ್ನೂ ಹೊತ್ತಿತ್ತು, ಒಳಗೆ ನಾನೊಬ್ಬನೇ ಕೂತಿದ್ದೆ.

"ಅಣ್ಣಾರ, ನಾನು ಯಾರಂತ ಹೇಳೀರಿ ಅವರಿಗೆ?"

ಒಳ್ಳೆಯದಾಗಲಿ ಅಂತ ಹೇಳಿದೆ ಎಂದೆ. ಏಳು ಮನೆ ನಡೆಯುತ್ತಿವೆಯಲ್ಲ ಎಂದೆ. ಯಾರಿಗೆ ಏನು ನಷ್ಟ ಆಯಿತು ಎಂದೂ ಕೇಳಿದೆ, ನಾಚಿಕೆಗೇಡಿ ನಾನು.

"ಆರು ವರ್ಷ ನನ್ನ ಬುಟ್ಟಿ ನೋಡಿಕೊಂತ ಬಂದೀರಿ. ದಿನಾ ನಿಮಗೂ ಒಂದು ರೊಟ್ಟಿ ಚಾಚೀನಿ. ಒಂದಿನ ಬಾಯಾಗ ಇಟ್ಟೀರೇನು?"

ಇಟ್ಟಿರಲಿಲ್ಲ. ಸೋಮವಾರವಾದರೆ ಉಪವಾಸ ಅನ್ನುತ್ತಿದ್ದೆ, ಮಂಗಳವಾರ ಹೊಟ್ಟೆ ಸರಿಯಿಲ್ಲ ಅನ್ನುತ್ತಿದ್ದೆ, ಉಳಿದ ದಿನ ಹಲ್ಲುನೋವು ಅನ್ನುತ್ತಿದ್ದೆ. ನನ್ನ ಹಲ್ಲುಗಳು ಆಗ ಕಬ್ಬು ಸಿಗಿಯುವಷ್ಟು ಗಟ್ಟಿಯಾಗಿದ್ದವು. ಆಕೆಗೆ ಅದೆಲ್ಲ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೂ ದಿನಾ ಚಾಚುತ್ತಿದ್ದಳು. ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಆಕೆ ನಾಳೆ ಬಂದು ಚನ್ನಬಸಪ್ಪನವರಿಗೆ ನಿಜ ಹೇಳುತ್ತೇನೆ ಅಂದಳು. ನಾನು ಅಂಗಲಾಚಿದೆ. ದಸರಾ ಕಳೆಯಲಿ, ಗ್ಯಾಂಗಿನವನು ಬಂದು ಹೋಗಲಿ, ಆಮೇಲೆ ಬೇಕಾದರೆ ಹೇಳು ಎಂದೆ. ಆ ಏಳು ಮಂದಿಯನ್ನು ಒಂದು ಮಾತು ಕೇಳು ಎಂದೆ. ಕೇಳುತ್ತೇನೆ ಅಂದಳು. ಇಳಿಯುವ ಮುಂಚೆ ಒಂದು ಮಾತು ಹೇಳಿದಳು.

"ಸುಳ್ಳಿನ ಮ್ಯಾಲೆ ಬಂದ ಗಿರಾಕಿ ನನ್ನ ಗಿರಾಕಿ ಅಲ್ಲಣ್ಣ. ಅದು ನಿಮ್ಮ ಗಿರಾಕಿ."

ಮರುದಿನ ಆಕೆ ಬುಟ್ಟಿಯ ಜೊತೆ ಬಂದಳು. ಏಳು ಮಂದಿಯನ್ನೂ ಕೇಳಿದ್ದಳು. ಇಬ್ಬರು ಅತ್ತಿದ್ದರು, ಆದರೂ ಎಲ್ಲರೂ ಹೇಳಿಬಿಡು ಎಂದಿದ್ದರು. ಊಟದ ಹೊತ್ತು, ಖಾನಾವಳಿ ತುಂಬಿತ್ತು. ನಾನೂ ಹಿಂದೆ ಹೋದೆ, ತಪ್ಪು ನನ್ನದು ಎಂದು ಹೇಳಲು. ಆಕೆ ದುಡ್ಡಿನ ಗಲ್ಲೆಯ ಎದುರು ನಿಂತು ಬುಟ್ಟಿ ಕೆಳಗಿಟ್ಟು, ತಾನು ಯಾರು, ಯಾವ ಓಣಿ, ಯಾವ ಧರ್ಮ, ಎಲ್ಲವನ್ನೂ ಎಲ್ಲರಿಗೂ ಕೇಳುವಂತೆ ಹೇಳಿದಳು. ಕಂಡಕ್ಟರಣ್ಣ ತಪ್ಪು ತಿಳಿದು ಹೇಳಿದ್ದರು ಎಂದು ನನ್ನ ಮಾನವನ್ನೂ ಉಳಿಸಿದಳು. ನಾನು ಬಾಯಿ ತೆರೆಯುವ ಪ್ರಸಂಗವೇ ಬರಲಿಲ್ಲ. ಬಂದಿದ್ದರೆ ತೆರೆಯುತ್ತಿದ್ದೆನೋ ಇಲ್ಲವೋ, ಆಣೆ ಮಾಡಿ ಹೇಳಲಾರೆ.

ಚನ್ನಬಸಪ್ಪನವರು ಕೆಟ್ಟವರಲ್ಲ. ಬಹಳ ಹೊತ್ತು ಗಲ್ಲೆಯ ಮೇಜು ಒರೆಸುತ್ತ ನಿಂತರು. ನನಗೇನಿಲ್ಲಮ್ಮ, ಊಟಕ್ಕೆ ಬರುವ ಮಂದಿ ಏನಂತಾರೋ, ಬುಟ್ಟಿ ತಗೊಂಡು ಹೋಗಿಬಿಡ್ರಿ ಎಂದರು. ಹುಲಿಗೆಮ್ಮ ಬುಟ್ಟಿ ಎತ್ತಿಕೊಂಡು ರಸ್ತೆ ದಾಟಿದಳು. ನಿಲ್ದಾಣದ ಮಗ್ಗುಲಿಗೆ ಬೇವಿನ ಮರ, ಅದರ ಬುಡದಲ್ಲಿ ಕಲ್ಲಿನ ಕಟ್ಟೆ. ಬಸ್ಸು ಹೊರಡುವ ತನಕ ಅಲ್ಲಿ ಕೂತಳು. ಆಗ ಖಾನಾವಳಿಯಿಂದ ಒಬ್ಬ ಹಮಾಲ ತಟ್ಟೆ ಹಿಡಿದುಕೊಂಡೇ ಹೊರಗೆ ಬಂದ. ತಟ್ಟೆಯಲ್ಲಿ ಪಲ್ಯ ಇತ್ತು, ರೊಟ್ಟಿ ಇರಲಿಲ್ಲ.

"ಅಕ್ಕಾ, ಆ ಬುಟ್ಟಿ ಎಲ್ಲಿಗೆ ಒಯ್ತಿ? ಎರಡು ಇಲ್ಲಿ ಹಾಕು," ಅಂದು ಕಟ್ಟೆಯ ಮೇಲೆ ಕೂತ.

ಅವನ ಹಿಂದೆ ಕಂಪ್ಲಿ ಆಸ್ಪತ್ರೆಯ ನರ್ಸಮ್ಮ ಬಂದರು, ಆಮೇಲೆ ಗೊಬ್ಬರದಂಗಡಿಯ ಗುಮಾಸ್ತ, ಆಮೇಲೆ ಇನ್ನಿಬ್ಬರು ಹಮಾಲರು. ನಾನು ಬಸ್ಸಿನ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದೆ. ಒಬ್ಬೊಬ್ಬರ ಮುಖವೂ ಗುರುತು ಸಿಕ್ಕಿತು. ಎಲ್ಲರಿಗೂ ನಾನೇ ಟಿಕೆಟ್ ಕೊಟ್ಟವನು. ಒಂದಲ್ಲ ಒಂದು ದಿನ ಹುಲಿಗೆಮ್ಮ ಅವರ ಪಕ್ಕ ಕೂತಿದ್ದಳು, ಹೆಸರು ಹೇಳಿದ್ದಳು, ಅವರ ಮಕ್ಕಳ ಜ್ವರ, ಮಗಳ ಪರೀಕ್ಷೆ ವಿಚಾರಿಸಿದ್ದಳು, ರೊಟ್ಟಿ ಕೊಟ್ಟಿದ್ದಳು. ಆಕೆ ಯಾರೆಂಬುದು ಅವರಿಗೆ ನನಗಿಂತ ಮುಂಚೆ ಗೊತ್ತಿತ್ತು. ಒಳಗೆ ಕೂತು ಉಂಡವರೇ ಹೆಚ್ಚು, ಅದನ್ನೂ ಬರೆಯಬೇಕು. ಕೆಲವರು ನಮ್ಮ ಕಡೆ ಬೆನ್ನು ಮಾಡಿಕೊಂಡು ಉಂಡರು. ಆದರೆ ಐದು ಜನ ರಸ್ತೆ ದಾಟಿ ಬಂದಿದ್ದರು, ಯಾರೂ ಕರೆಯದೆ.

ಮರುದಿನವೂ ಆಕೆ ಬುಟ್ಟಿ ತಂದು ಕಟ್ಟೆಯ ಮೇಲೆ ಕೂತಳು. ಐದು ಹತ್ತಾಯಿತು, ಹತ್ತು ಹದಿನೈದಾಯಿತು. ಪಲ್ಯ ಸಾರು ಚನ್ನಬಸಪ್ಪನವರದು, ರೊಟ್ಟಿ ಹುಲಿಗೆಮ್ಮನದು. ಜನ ತಟ್ಟೆ ಹಿಡಿದು ಆಚೆ ಈಚೆ ಓಡಾಡುವುದನ್ನು ನೋಡಲು ಖಾಜಾ ಬಸ್ಸಿನ ಕೆಳಗಿಳಿದು ನಿಲ್ಲುತ್ತಿದ್ದ. ಅವನು ಮೊದಲ ದಿನದಿಂದಲೂ ಆಕೆಯ ರೊಟ್ಟಿ ತಿಂದವನು, ಆ ಹೆಮ್ಮೆ ಅವನಿಗೆ. ಮೂರನೇ ದಿನ ನಾನೂ ಕಟ್ಟೆಗೆ ಹೋಗಿ ಕೂತು ಎರಡು ರೊಟ್ಟಿ ಕೇಳಿದೆ. ಆಕೆ ಎಲ್ಲರಿಗೆ ಕೊಟ್ಟ ಹಾಗೆ ಕೊಟ್ಟಳು, ಎಲ್ಲರಿಂದ ತಗೊಂಡ ಹಾಗೆ ದುಡ್ಡು ತಗೊಂಡಳು. ಅಷ್ಟು ರುಚಿಯಾದ ರೊಟ್ಟಿಯನ್ನು ಆರು ವರ್ಷ ಬೇಡ ಅಂದಿದ್ದೆನಲ್ಲ ಎಂದು ಹೊಟ್ಟೆ ಉರಿಯಿತು.

ಹಾಗಂತ ಎಲ್ಲ ಸರಿಹೋಯಿತು ಎಂದಲ್ಲ. ಅರ್ಧ ಬುಟ್ಟಿ ಉಳಿಯುತ್ತಿತ್ತು. ಎಂಟು ಜನರ ಕೈಗೆ ಅದು ಯಾವ ಮೂಲೆಗೂ ಸಾಲದು. ಅಷ್ಟರಲ್ಲಿ ದಸರಾ ಮುಗಿದು ಗ್ಯಾಂಗಿನ ಮೇಸ್ತ್ರಿ ಓಣಿಗೆ ಬಂದೇಬಿಟ್ಟ. ಏಳರಲ್ಲಿ ಇಬ್ಬರು ಹೊರಡುತ್ತೇವೆ ಎಂದು ಹೇಳಿದ್ದರು. ಶಾಲೆಯಿಂದ ಮಕ್ಕಳ ಹೆಸರು ತೆಗೆಸುವ ಮಾತೂ ಆಗಿತ್ತು. ಹುಲಿಗೆಮ್ಮ ಅವರನ್ನು ತಡೆಯಲಿಲ್ಲ, ಸೋಮವಾರದ ತನಕ ನೋಡ್ರಿ ಎಂದಷ್ಟೇ ಕೇಳಿಕೊಂಡಿದ್ದಳು. ಬಸ್ಸಿನಲ್ಲಿ ಇದನ್ನು ಹೇಳುವಾಗ ಆಕೆಯ ಕಣ್ಣು ತುಂಬಿತ್ತು. ಇಷ್ಟು ವರ್ಷದಲ್ಲಿ ನಾನು ಅದನ್ನು ನೋಡಿದ್ದು ಅದೊಂದೇ ಸಲ. ಆದರೂ ಪಕ್ಕದಲ್ಲಿ ಕೂತಿದ್ದ ಹೊಸ ಮುಖದ ಹೆಂಗಸಿಗೆ, ಎಲ್ಲಿಗೆ ಹೊರಟಿರಕ್ಕ ಎಂದು ಕೇಳುವುದನ್ನು ಬಿಡಲಿಲ್ಲ.

ಸೋಮವಾರ ಬಂತು. ಕಟ್ಟೆಯ ಮೇಲೆ ಇಪ್ಪತ್ತು ಜನ ಕೂತು ಉಣ್ಣುತ್ತಿದ್ದರು, ಜಾಗ ಸಾಲದೆ ಕೆಲವರು ನಿಂತಿದ್ದರು. ಚನ್ನಬಸಪ್ಪನವರು ಖಾನಾವಳಿಯ ಬಾಗಿಲಿಗೆ ಬಂದು ನಿಂತರು, ಒಳಗೆ ಹೋದರು, ಮತ್ತೆ ಬಂದು ನಿಂತರು. ಆಮೇಲೆ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು ರಸ್ತೆಗಿಳಿದರು. ಹತ್ತು ಹೆಜ್ಜೆಯ ರಸ್ತೆ. ದಾಟಲು ಅವರಿಗೆ ಹನ್ನೊಂದು ದಿನ ಬೇಕಾಗಿತ್ತು.

ಉಣ್ಣುತ್ತಿದ್ದವರ ಕೈ ನಿಂತಿತು. ಅವರು ಹುಲಿಗೆಮ್ಮನ ಮುಖ ನೋಡದೆ ಬುಟ್ಟಿಯ ಕಡೆ ನೋಡುತ್ತ, ನಾಳೆಯಿಂದ ಮೊದಲಿನ ಹಾಗೆ ಇನ್ನೂರು ಕಳಿಸಿಬಿಡಿ, ಕೊಟ್ರಪ್ಪ ಬಾಗಿಲಲ್ಲಿ ಇಟ್ಟು ಹೋಗಲಿ ಎಂದರು.

ನಾನು ಮನಸ್ಸಿನಲ್ಲೇ ಹೂಂ ಅನ್ನು ತಾಯಿ, ಬೇಗ ಹೂಂ ಅನ್ನು ಎಂದು ಬೇಡಿಕೊಳ್ಳುತ್ತಿದ್ದೆ. ಆ ಇಬ್ಬರು ಹೆಂಗಸರು ಸಂಜೆಗೆ ಮೇಸ್ತ್ರಿಗೆ ಮಾತು ಕೊಡುವವರಿದ್ದರು.

ಹುಲಿಗೆಮ್ಮ ಕೈ ಒರೆಸಿಕೊಂಡು ಎದ್ದು ನಿಂತಳು.

"ಕಳಸ್ತೀನ್ರಿ. ಆದ್ರ ಬಾಗಿಲಾಗ ಇಡಂಗಿಲ್ಲ. ನಾನೇ ಒಳಗ ತರತೀನಿ, ಅಡಿಗಿಮನಿ ತನಕ. ಯಾರ ರೊಟ್ಟಿ ಅಂತ ಮಂದಿ ಕೇಳಿದ್ರ ನನ್ನ ಹೆಸರು ಹೇಳಬೇಕ್ರಿ."

ಚನ್ನಬಸಪ್ಪನವರು ಕಟ್ಟೆಯ ಮೇಲಿನ ಇಪ್ಪತ್ತು ತಟ್ಟೆಗಳನ್ನು ನೋಡಿದರು, ಅರ್ಧ ಖಾಲಿಯಾದ ತಮ್ಮ ಖಾನಾವಳಿಯನ್ನು ನೋಡಿದರು. ಅಲ್ಲಿ ಬಾಗಿಲಲ್ಲಿ ಅವರ ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದರು. ಕೊನೆಗೆ ಅವರು ಹುಲಿಗೆಮ್ಮನ ಮುಖ ನೋಡಿದರು.

"ಬರ್ರಿ," ಅಂದರು. "ನಾಳಿ ಯಾಕ, ಈಗ ಬರ್ರಿ."

ಹುಲಿಗೆಮ್ಮ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಮುಂದೆ ನಡೆದಳು, ಚನ್ನಬಸಪ್ಪನವರು ಹಿಂದೆ. ಆಕೆ ಅಡಿಗೆಮನೆಯ ಹೊಸ್ತಿಲು ದಾಟುವ ತನಕ ಕಟ್ಟೆಯ ಮೇಲೆ ಯಾರೂ ತುತ್ತು ಎತ್ತಲಿಲ್ಲ. ಆವತ್ತು ನಮ್ಮ ಬಸ್ಸು ಇಪ್ಪತ್ತು ನಿಮಿಷ ತಡವಾಗಿ ಹೊರಟಿತು. ಕಂಟ್ರೋಲರಿಗೆ ಕಾರಣ ಬರೆದುಕೊಡಬೇಕಾಯಿತು, ಟೈರು ಪಂಕ್ಚರ್ ಎಂದು ಖಾಜಾ ಬರೆಸಿದ. ಸಂಜೆ ಗ್ಯಾಂಗಿನ ಮೇಸ್ತ್ರಿ ಆ ಓಣಿಯಿಂದ ಒಬ್ಬನೇ ವಾಪಸು ಹೋದ.